ಮಳೆಗಾಲದಲ್ಲಿ ಘಾಟಿ ಇಳಿಯುವ ಮುನ್ನ ಕಾರಿನ ತಪಾಸಣೆ

ಬೆಂಗಳೂರಿನಿಂದ ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೋ ಸುಬ್ರಹ್ಮಣ್ಯಕ್ಕೋ ಹೊರಡುವವರಲ್ಲಿ ಹೆಚ್ಚಿನವರು ಕಾರನ್ನು ಪರೀಕ್ಷಿಸುವುದು ಹೊರಡುವ ದಿನ ಬೆಳಗಿನ ಜಾವದಲ್ಲಿ. ಆ ಹೊತ್ತಿನಲ್ಲಿ ದೋಷ ಕಂಡುಬಂದರೂ ಗ್ಯಾರೇಜು ತೆರೆದಿರುವುದಿಲ್ಲ, ಮನೆಯವರೆಲ್ಲ ಸಿದ್ಧರಾಗಿ ನಿಂತಿರುತ್ತಾರೆ, ಕೊನೆಗೆ ‘ಬಂದಮೇಲೆ ನೋಡಿಸೋಣ’ ಎಂದು ಹಾಗೆಯೇ ಹೊರಟುಬಿಡುತ್ತಾರೆ. ಆದ್ದರಿಂದ ಈ ಕೆಲಸವನ್ನು ಕನಿಷ್ಠ ಮೂರು ನಾಲ್ಕು ದಿನ ಮೊದಲೇ ಮಾಡಬೇಕು. ಬಯಲುಸೀಮೆಯ ನೇರ ರಸ್ತೆಯಲ್ಲಿ ಕಾಣಿಸದ ಕೊರತೆಗಳು ಮಳೆ ಸುರಿಯುವ ಇಳಿಜಾರಿನಲ್ಲಿ ಒಮ್ಮೆಲೇ ಹೊರಬೀಳುತ್ತವೆ.

ಮೊದಲು ಟೈರುಗಳನ್ನು ನೋಡಿ. ಟೈರಿನ ಮೇಲ್ಮೈಯಲ್ಲಿರುವ ಕಾಲುವೆಯಂತಹ ಗೆರೆಗಳ ತಳದಲ್ಲಿ ಅಲ್ಲಲ್ಲಿ ರಬ್ಬರಿನ ಸಣ್ಣ ಉಬ್ಬುಗಳಿರುತ್ತವೆ. ಟೈರು ಸವೆದು ಈ ಉಬ್ಬಿನ ಮಟ್ಟಕ್ಕೆ ಬಂದಿದ್ದರೆ ಗೆರೆಗಳ ಆಳ 1.6 ಮಿಲಿಮೀಟರಿಗೆ ಇಳಿದಿದೆ ಎಂದರ್ಥ. ಕಾನೂನು ಒಪ್ಪುವ ಕನಿಷ್ಠ ಆಳ ಅದು. ಆದರೆ ಮಳೆಗಾಲಕ್ಕೆ ಅಷ್ಟು ಸಾಲದು. ಗೆರೆಗಳು ನೀರನ್ನು ಹೊರಗೆ ದೂಡಲಾರದಷ್ಟು ಸವೆದಾಗ ಟೈರು ರಸ್ತೆಯನ್ನು ಬಿಟ್ಟು ನೀರಿನ ಪದರದ ಮೇಲೆ ತೇಲತೊಡಗುತ್ತದೆ, ಆಗ ಸ್ಟಿಯರಿಂಗೂ ಬ್ರೇಕೂ ಕೆಲಸಕ್ಕೆ ಬರುವುದಿಲ್ಲ. 3 ಮಿಲಿಮೀಟರಿಗಿಂತ ಕಡಿಮೆ ಆಳ ಉಳಿದ ಟೈರಿನಲ್ಲಿ ಜುಲೈ ತಿಂಗಳಲ್ಲಿ ಘಾಟಿ ಇಳಿಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಟೈರಿನ ಒಂದೇ ಅಂಚು ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಪಕ್ಕದ ಗೋಡೆಯಲ್ಲಿ ಉಬ್ಬು ಕಂಡರೆ ಆ ಟೈರನ್ನು ಬದಲಿಸುವುದಲ್ಲದೆ ಬೇರೆ ದಾರಿಯಿಲ್ಲ. ಅಲ್ಲೇ ಅಚ್ಚಾಗಿರುವ ನಾಲ್ಕು ಅಂಕಿಗಳನ್ನೂ ಓದಿಕೊಳ್ಳಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ಹೆಚ್ಚು ಓಡದ ಕಾರಿನ ಟೈರು ನೋಡಲು ಹೊಸದರಂತಿದ್ದರೂ ವರ್ಷ ಕಳೆದಂತೆ ಅದರ ರಬ್ಬರು ಗಡುಸಾಗುತ್ತದೆ.

ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗಲೇ ಅಳೆಯಬೇಕು. ಎಷ್ಟು ಇರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತದೆ. ಐದು ಜನ ಮತ್ತು ಸಾಮಾನು ತುಂಬಿದಾಗ ಬೇಕಾಗುವ ಒತ್ತಡವನ್ನು ಅದರಲ್ಲಿ ಬೇರೆಯಾಗಿಯೇ ನಮೂದಿಸಿರುತ್ತಾರೆ. ಟೈರಿನ ಮೇಲೆ ಬರೆದಿರುವುದು ಅದು ತಾಳಬಲ್ಲ ಗರಿಷ್ಠ ಒತ್ತಡವೇ ಹೊರತು ತುಂಬಿಸಬೇಕಾದ ಪ್ರಮಾಣವಲ್ಲ.

ಸ್ಟೆಪ್ನಿಯನ್ನು ಮರೆಯಬೇಡಿ. ಹಲವು ವರ್ಷಗಳ ಹಿಂದೆ ಸಕಲೇಶಪುರ ದಾಟಿದ ಮೇಲೆ ಮಳೆಯಲ್ಲಿ ನಮ್ಮ ಟೈರು ಪಂಕ್ಚರ್ ಆದಾಗ, ಡಿಕ್ಕಿಯ ಸಾಮಾನನ್ನೆಲ್ಲ ಕೆಳಗಿಳಿಸಿ ಹೊರತೆಗೆದ ಸ್ಟೆಪ್ನಿಯಲ್ಲಿ ಗಾಳಿಯೇ ಇರಲಿಲ್ಲ. ವಯಸ್ಸಾದ ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು, ಲಾರಿಗಳು ಮೈಸವರಿದಂತೆ ಹಾದುಹೋಗುವ ತಿರುವಿನಲ್ಲಿ ಎರಡು ಗಂಟೆ ಕಾಯಬೇಕಾಯಿತು. ಅಂದಿನಿಂದ ನಾಲ್ಕಲ್ಲ, ಐದು ಟೈರುಗಳಿಗೂ ಗಾಳಿ ನೋಡಿಸುತ್ತೇನೆ. ಜಾಕ್ ಮತ್ತು ಪಾನಾ ಇವೆಯೇ, ಚಕ್ರದ ನಟ್ಟು ಆ ಪಾನಾಕ್ಕೆ ಸಡಿಲವಾಗುತ್ತದೆಯೇ ಎಂಬುದನ್ನು ಮನೆಯ ಅಂಗಳದಲ್ಲೇ ಒಮ್ಮೆ ಮಾಡಿ ನೋಡಬೇಕು. ಸ್ಟೆಪ್ನಿ ಇಲ್ಲದೆ ಪಂಕ್ಚರ್ ಕಿಟ್ ಮಾತ್ರ ಕೊಟ್ಟಿರುವ ಕಾರಾಗಿದ್ದರೆ, ಟೈರಿನ ಪಕ್ಕದ ಗೋಡೆ ಹರಿದಾಗ ಆ ಕಿಟ್ ಉಪಯೋಗಕ್ಕೆ ಬಾರದೆಂಬುದು ತಿಳಿದಿರಲಿ.

ಇನ್ನು ಬ್ರೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ತೇವ ಸೇರಿದ ದ್ರವಕ್ಕೆ ಆ ಮಿತಿ 155 ಡಿಗ್ರಿ ಮಾತ್ರ. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತುತ್ತಲೇ ಇದ್ದರೆ ಕಾವು ಏರಿ ಹಳೆಯ ದ್ರವ ಕುದಿಯುತ್ತದೆ, ಕೊಳವೆಯಲ್ಲಿ ಆವಿಯ ಗುಳ್ಳೆಗಳು ತುಂಬುತ್ತವೆ, ಪೆಡಲ್ ಮೆತ್ತಗಾಗಿ ಕೆಳಗಿಳಿದುಬಿಡುತ್ತದೆ. ಬದಲಿಸಿ ಎರಡು ವರ್ಷ ಕಳೆದಿದ್ದರೆ ಹೊರಡುವ ಮುನ್ನವೇ ಬದಲಿಸಿ. ಪ್ಯಾಡುಗಳ ದಪ್ಪವನ್ನೂ ಮೆಕ್ಯಾನಿಕ್ ಚಕ್ರ ಬಿಚ್ಚಿಯೇ ನೋಡಲಿ.

ಮನೆಯಲ್ಲಿ ನೀವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಬಾರಿ ಒತ್ತಿದರೆ ಅದು ಗಟ್ಟಿಯಾಗುತ್ತದೆ. ಒತ್ತಿಹಿಡಿದೇ ಎಂಜಿನ್ ಚಾಲೂ ಮಾಡಿದಾಗ ತುಸು ಕೆಳಗಿಳಿದು ನಿಲ್ಲಬೇಕು. ನಿಲ್ಲದೆ ನಿಧಾನವಾಗಿ ಇಳಿಯುತ್ತಲೇ ಹೋದರೆ ಎಲ್ಲೋ ಸೋರಿಕೆಯಿದೆ, ಪ್ರಯಾಣವನ್ನು ಮುಂದೂಡಿ. ಬ್ರೇಕು ಎಷ್ಟೇ ಚೆನ್ನಾಗಿದ್ದರೂ, ಏರಲು ಬೇಕಾಗುವ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಚಾಲಕರ ಮಾತನ್ನು ಪಾಲಿಸಿ.

ವೈಪರ್ ಗಾಜಿನ ಮೇಲೆ ಗೆರೆ ಉಳಿಸುತ್ತಿದ್ದರೆ ಅದರ ರಬ್ಬರು ಬದಲಿಸಿ. ಮನೆಯವರೊಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ಲೈಟು, ಇಂಡಿಕೇಟರುಗಳನ್ನು ನೋಡಿಸಿ. ಹಿಂದಿನ ಸೀಟು ತುಂಬಿದಾಗ ಕಾರಿನ ಮೂತಿ ಮೇಲೇಳುವುದರಿಂದ, ಹೆಡ್‌ಲೈಟಿನ ಬೆಳಕನ್ನು ತಗ್ಗಿಸುವ ಗುಂಡಿಯಿದ್ದರೆ ಅದನ್ನು ಬಳಸಿ. ಎಂಜಿನ್ ಆಯಿಲ್, ಕೂಲೆಂಟುಗಳನ್ನು ಎಂಜಿನ್ ತಣ್ಣಗಿದ್ದಾಗ ನೋಡಬೇಕು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಹಿಂದಿನ ಸೀಟಿನ ಬೆಲ್ಟುಗಳು ಹಲವು ಕಾರುಗಳಲ್ಲಿ ಕವರಿನಡಿ ಹೂತುಹೋಗಿರುತ್ತವೆ, ಅವನ್ನು ಹೊರತೆಗೆದು ಕೊಕ್ಕೆ ಕೂರುತ್ತದೆಯೇ ಎಂದು ಪರೀಕ್ಷಿಸಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಎಚ್ಚರಿಕೆಯ ಕೆಂಪು ತ್ರಿಕೋನ ಮತ್ತು ಒಂದು ಟಾರ್ಚು ಸಾಮಾನಿನ ಅಡಿಗೆ ಸೇರದೆ ಕೈಗೆ ಸಿಗುವಲ್ಲಿರಲಿ. ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033, ಯಾವುದೇ ತುರ್ತಿಗೆ 112 ಸಂಖ್ಯೆಗಳನ್ನು ಜೊತೆಯವರೂ ತಿಳಿದಿರಲಿ.

ಹೊರಡುವ ಬೆಳಗ್ಗೆ ಉಳಿಯುವುದು ಎರಡೇ ಕೆಲಸ. ಭೂಕುಸಿತದಿಂದ ಘಾಟಿ ಮುಚ್ಚಿದೆಯೇ ಎಂದು ವಿಚಾರಿಸಿ, ಬಳಿಕ ಕಾರನ್ನು ನಿಂತ ಜಾಗದಿಂದ ಮುಂದಕ್ಕೆ ತೆಗೆದು ನೆಲವನ್ನು ನೋಡಿ. ತಿಳಿನೀರಿನ ಹನಿಗಳಿದ್ದರೆ ಅದು ಎಸಿಯದು, ಚಿಂತೆಯಿಲ್ಲ. ಹಸಿರು ಅಥವಾ ಗುಲಾಬಿ ಬಣ್ಣದ ನೀರಾದರೆ ಕೂಲೆಂಟ್, ಕಪ್ಪು ಜಿಡ್ಡಾದರೆ ಎಂಜಿನ್ ಆಯಿಲ್. ಚಕ್ರದ ಬಳಿ ಜಾರುವಂತಹ ತೆಳು ದ್ರವ ಕಂಡರೆ ಅದು ಬ್ರೇಕಿನದಿರಬಹುದು. ಆ ಕಾರನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗದೆ ಮೆಕ್ಯಾನಿಕನನ್ನೇ ಮನೆಗೆ ಕರೆಸಿ.