ಚಿತ್ರ ಮುಗಿಯೋಕ್ಕೆ ಮುಂಚೆ ನೋಡೋ ಜನ ಬೇಕು: ನನ್ನ ಅನುಭವ

ಮಕ್ಕಳ ಪುಸ್ತಕಕ್ಕೆ ಚಿತ್ರ ಬರೀಬೇಕು ಅಂತ ಆಸೆ ಇರೋರು ನನ್ನ ಹತ್ರ ಮೊದಲು ಕೇಳೋದು, ಯಾವ ಟ್ಯಾಬ್ಲೆಟ್ ತಗೊಳ್ಲಿ, ಚಿತ್ರ ಬರೆಯೋ ಆ್ಯಪ್‌ಗಳಲ್ಲಿ ಪ್ರೊಕ್ರಿಯೇಟ್ ಕಲೀಲಾ ಕ್ರಿಟಾ ಕಲೀಲಾ, ಮೈಸೂರಿನ ಚಿತ್ರಕಲಾ ಕಾಲೇಜು ಕಾವಾದಲ್ಲಿ ಓದದೇ ಇದ್ರೆ ಈ ಫೀಲ್ಡಿಗೆ ಬರೋಕಾಗುತ್ತಾ ಅಂತ. ಆಗುತ್ತೆ. ನಾನು ಕಾವಾದಲ್ಲಿ ಓದಿಲ್ಲ, ಮಂಡ್ಯ ಕಡೆ ಹಳ್ಳಿಯಿಂದ ಮೈಸೂರಿಗೆ ಬಂದು ಬಿಎಸ್ಸಿ ಮಾಡಿ ಸ್ಕೂಲಲ್ಲಿ ಪಾಠ ಮಾಡ್ತಾ ಇದ್ದೋಳು, ಕ್ರಿಟಾ ದುಡ್ಡಿಲ್ಲದೆ ಸಿಗುತ್ತೆ ಅಂತ ಅದನ್ನೇ ಹಾಕ್ಕೊಂಡೆ, ಇವತ್ತಿಗೂ ಬಣ್ಣದ ಕೆಲಸ ಅದರಲ್ಲೇ. ಆದ್ರೆ ಪುಸ್ತಕದ ಮೇಲೆ ನನ್ನ ಹೆಸರು ಬರೋ ಹಾಗೆ ಮಾಡಿದ್ದು ನನ್ನ ಅರ್ಧಂಬರ್ಧ ಪೆನ್ಸಿಲ್ ಗೆರೆ ನೋಡಿ ಅನ್ಸಿದ್ದನ್ನ ನೇರ ಹೇಳಿದ ಜನ. ಮುಗಿಸಿದ ಚಿತ್ರಕ್ಕೆ ಲೈಕ್ ಒತ್ತೋರು ಎಲ್ಲರಿಗೂ ಸಿಗ್ತಾರೆ, ಮುಗಿಯೋಕ್ಕೆ ಮುಂಚೆ ಕೂತು ನೋಡೋರನ್ನ ನಾವೇ ಹುಡುಕ್ಕೋಬೇಕು, ನಾನು ಹೇಗೆ ಹುಡುಕಿದೆ ಅನ್ನೋದನ್ನ ಇಲ್ಲಿ ಬರೀತೀನಿ.

ಮೊದಲು ಸಿಕ್ಕಿದ್ದು ಭಾನುವಾರದ ಸ್ಕೆಚಿಂಗ್ ಗುಂಪು. ಕಾವಾದಲ್ಲಿ ಓದಿದ ಇಬ್ಬರು ಹುಡುಗರು, ಒಬ್ರು ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು, ಐಟಿ ಕಂಪನಿಯಲ್ಲಿರೋ ಒಬ್ಬಳು ಗೆಳತಿ, ಹೀಗೆ ಬಂದುಹೋಗೋ ಜನ. ಬೆಳಗ್ಗೆ ಬೇಗ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು ಹೆಜ್ಜಾರ್ಲೆ, ನೀರುಕಾಗೆ ಬರೀತೀವಿ, ಬಿಸಿಲೇರಿದ ಮೇಲೆ ದೇವರಾಜ ಮಾರ್ಕೆಟ್. ಮಕ್ಕಳ ಪುಸ್ತಕಕ್ಕೆ ಮಾರ್ಕೆಟ್‌ಗಿಂತ ಒಳ್ಳೆ ಪಾಠಶಾಲೆ ನಂಗೆ ಗೊತ್ತಿಲ್ಲ, ಯಾಕಂದ್ರೆ ಅಲ್ಲಿ ಯಾರೂ ಸುಮ್ನೆ ನಿಲ್ಲಲ್ಲ. ಹೂವಿನ ಸಾಲಲ್ಲಿ ಒಬ್ಬರು ಅಮ್ಮ ನನ್ನ ಪುಸ್ತಕ ಇಣುಕಿ ನೋಡಿ, "ದಾರನ ಹಂಗಿಡ್ಕಂಡ್ರೆ ಗಂಟು ಬೀಳಕ್ಕಿಲ್ಲ ಕಣವ್ವ, ಇಲ್ನೋಡು" ಅಂತ ಬಾಳೆನಾರನ್ನ ಬೆರಳ ಸಂದಿಯಲ್ಲಿ ಸಿಗಿಸಿ ಮಲ್ಲಿಗೆ ಕಟ್ಟಿ ನಿಧಾನಕ್ಕೆ ತೋರಿಸಿದ್ರು, ನಾನು ಬರೀತಾ ಹೋದೆ. ಆ ಕೈಗಳನ್ನ ಆಮೇಲೆ ಒಂದು ಪುಸ್ತಕದಲ್ಲಿ ಹಂಗಂಗೇ ಬಳಸಿದೀನಿ. ಇಂಟರ್ನೆಟ್‌ನಲ್ಲಿ ಫೋಟೋ ಹುಡುಕಿ ಬರೆದಿದ್ರೆ ಹೂವು ಬರ್ತಿತ್ತು, ಕಟ್ಟೋದು ಬರ್ತಿರ್ಲಿಲ್ಲ.

ಆದ್ರೆ ಸ್ಕೆಚಿಂಗ್ ಬಂದ ಮಾತ್ರಕ್ಕೆ ಪುಸ್ತಕ ಬರಲ್ಲ. ಒಂದು ಚಿತ್ರ ಚೆನ್ನಾಗಿ ಬರೆಯೋದು ಬೇರೆ ಕೆಲಸ, ಹದಿನಾರು ಪುಟದಲ್ಲಿ ಅದೇ ಮಗು ಅದೇ ಮಗುವಾಗಿ ಕಾಣಬೇಕು, ಕಥೆ ಮುಂದಕ್ಕೆ ಹೋಗ್ಬೇಕು, ಪುಟ ತಿರುಗಿಸೋ ಜಾಗದಲ್ಲಿ ಮಗುಗೆ ಕೈ ತುರಿಸ್ಬೇಕು, ಇದು ಬೇರೆ ಕೆಲಸ. ಇದಕ್ಕೆ ನಮ್ಮ ಗುಂಪಿನಲ್ಲೇ ಕೆಲವರು ಸೇರಿ ತಿಂಗಳಿಗೊಂದು ಸಲ ಸರಸ್ವತಿಪುರಂನಲ್ಲಿ ಒಬ್ಬರ ಮನೆ ಹಾಲ್‌ನಲ್ಲಿ ಕೂರೋಕೆ ಶುರು ಮಾಡಿದ್ವಿ. ಒಬ್ಬೊಬ್ರು ತಮ್ಮ ಸ್ಟೋರಿಬೋರ್ಡ್ ತರ್ತಾರೆ, ಬೆಂಕಿಪೊಟ್ಟಣದ ಅಳತೆಯ ಚಿಕ್ಕ ಚಿಕ್ಕ ಚೌಕಗಳಲ್ಲಿ ಇಡೀ ಪುಸ್ತಕ, ಜೊತೆಗೆ ಅದನ್ನೇ ದೊಡ್ಡದು ಮಾಡಿ ಪಿನ್ ಹೊಡೆದ ಡಮ್ಮಿ. ಬರೆದೋರು ಬಾಯಿ ಬಿಡೋ ಹಾಗಿಲ್ಲ. ಪಠ್ಯ ಮುಚ್ಚಿ, ಬೇರೆಯವರು ಡಮ್ಮಿ ತಿರುಗಿಸ್ತಾ ಬರೀ ಚಿತ್ರ ನೋಡ್ಕೊಂಡು ಕಥೆ ಹೇಳ್ಬೇಕು. ಹೇಳೋರು ಎಲ್ಲಿ ತಡವರಿಸ್ತಾರೋ, ಎಲ್ಲಿ "ಒಂದ್ನಿಮಿಷ" ಅಂತ ಹಿಂದಿನ ಪುಟಕ್ಕೆ ಹೋಗ್ತಾರೋ ಅಲ್ಲೇ ಗುರುತು ಹಾಕ್ಕೊಳ್ಳೋದು. "ಚೆನ್ನಾಗಿದೆ" ಅನ್ನೋ ಮಾತು ನಮ್ಮಲ್ಲಿ ನಡೆಯಲ್ಲ, ಏನು ಚೆನ್ನಾಗಿದೆ, ಯಾವ ಪುಟದಲ್ಲಿ ಅಂತ ಹೇಳ್ಬೇಕು. ಕಥೆಯಲ್ಲಿ "ಪುಟ್ಟಿ ಮರ ಹತ್ತಿದಳು" ಅಂತ ಇದ್ರೆ ಚಿತ್ರದಲ್ಲೂ ಪುಟ್ಟಿ ಮರ ಹತ್ತಿದ್ದಷ್ಟೇ ಇರ್ಬಾರ್ದು, ಕೆಳಗೆ ಚಪ್ಪಲಿ ಕಚ್ಕೊಂಡು ಓಡ್ತಿರೋ ನಾಯಿ ಇರ್ಬೋದು, ಅದು ಪಠ್ಯದಲ್ಲಿ ಎಲ್ಲೂ ಇಲ್ಲ, ಓದೋಕೆ ಬಾರದ ಮಗುಗೆ ಸಿಗೋ ಕಥೆ ಅದು. ಇದನ್ನ ನಾನು ಕಲಿತಿದ್ದು ಆ ಹಾಲ್‌ನಲ್ಲಿ, ಬೇರೆಯವರ ಡಮ್ಮಿ ತಿರುಗಿಸಿ ತಿರುಗಿಸಿ.

ಆ ಗುಂಪಿಗೆ ಬರೋ ಒಬ್ಬ ರಂಗಭೂಮಿ ಗೆಳೆಯ ಇದಾನೆ, ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣದಲ್ಲಿ ಬೇಸಿಗೆಗೆ ಚಿಣ್ಣರ ಮೇಳ ನಡೆಯುತ್ತಲ್ಲ, ಅಂಥ ಕಡೆ ಮಕ್ಕಳ ಜೊತೆ ನಾಟಕ ಮಾಡಿದೋನು. ಅವನು ಚಿತ್ರದ ಮುಖ ನೋಡೋದೇ ಇಲ್ಲ, ಕಾಲು ನೋಡ್ತಾನೆ. ಭಾರ ಯಾವ ಕಾಲ್ಮೇಲಿದೆ, ಹೆದರಿದ ಮಗುವಿನ ಭುಜ ಎಲ್ಲಿದೆ, ಸುಳ್ಳು ಹೇಳೋ ಮಗು ಕೈ ಎಲ್ಲಿಟ್ಕೊಳ್ಳುತ್ತೆ. ಎದ್ದು ನಿಂತು ಮಾಡಿ ತೋರಿಸ್ತಾನೆ, ನಾವೆಲ್ಲ ಅಲ್ಲೇ ಬರ್ಕೊಳ್ತೀವಿ. ದೊಡ್ಡವರ ದೇಹ ಸುಮಾರು ಏಳು ತಲೆ ಉದ್ದ, ಚಿಕ್ಕ ಮಗುಗೆ ಐದರ ಆಸುಪಾಸು ಅಂತ ಅಳತೆಯೆಲ್ಲ ಪುಸ್ತಕದಲ್ಲಿ ಸಿಗುತ್ತೆ, ಮಗು ಮಗುವಿನ ಥರ ನಿಲ್ಲೋದು ಮಾತ್ರ ಇಂಥೋರಿಂದಲೇ ಬರ್ಬೇಕು.

ಈಗ ಆಲೆಮನೆ ಪುಸ್ತಕದ ವಿಷಯ ಹೇಳ್ತೀನಿ, ನಂಗೆ ತುಂಬಾ ಹತ್ತಿರದ ಕೆಲಸ ಅದು. ನಮ್ಮೂರು ವಿ.ಸಿ. ನಾಲೆ ನೀರಿನ ಊರು, ಕಬ್ಬು ಭತ್ತ ಬಿಟ್ಟು ಬೇರೆ ಮಾತಿಲ್ಲ. ಕಬ್ಬು ಬೆಲ್ಲ ಆಗೋ ಒಂದು ದಿನದ ಕಥೆ, ಅಜ್ಜನ ಜೊತೆ ಆಲೆಮನೆಗೆ ಹೋಗೋ ಹುಡುಗಿ. ಪೆನ್ಸಿಲ್ ಹಂತದಲ್ಲೇ ಡಮ್ಮಿ ತಗೊಂಡು ಊರಿನ ಗ್ರಾಮ ಪಂಚಾಯ್ತಿ ಲೈಬ್ರರಿಗೆ ಹೋದೆ. 2020ರಲ್ಲಿ 'ಓದುವ ಬೆಳಕು' ಶುರುವಾದ ಮೇಲೆ ಹಳ್ಳಿ ಲೈಬ್ರರಿಗೆ ಮಕ್ಕಳು ಫ್ರೀ ಮೆಂಬರ್ ಆಗೋದು ಜಾಸ್ತಿ ಆಯ್ತು, ಈಗ ಅದನ್ನ ಅರಿವು ಕೇಂದ್ರ ಅಂತಾರೆ, ಸಾಯಂಕಾಲ ಸ್ಕೂಲ್ ಬಿಟ್ಟ ಮೇಲೆ ಹೋದ್ರೆ ಚಾಪೆ ತುಂಬ ಮಕ್ಕಳು. ಲೈಬ್ರರಿ ನೋಡ್ಕೊಳ್ಳೋ ಅಕ್ಕ ಒಂದೇ ಮಾತು ಹೇಳಿದ್ರು, ನೀನು ವಿವರಿಸ್ಬೇಡ, ಅವ್ರ ಕೈಗೆ ಕೊಡು ಅಂತ. ಕೊಟ್ಟೆ. ಒಂದು ಪುಟ ಬಂದ ತಕ್ಷಣ ಒಬ್ಬ ಹುಡುಗ ಬೆರಳಿಟ್ಟ: "ಅಕ್ಕಾ, ಇಲ್ಲಿ ಮಡ್ಡಿನೇ ತೆಗ್ದಿಲ್ಲ, ಆಗ್ಲೇ ಅಚ್ಚಿಗೆ ಹುಯ್ತಾವ್ರಲ್ಲ?" ಪಕ್ಕದೋಳು ಅಂದ್ಲು, "ಬೆಂಡೆಗಿಡದ ಲೋಳೆ ಹಾಕೋದೂ ಇಲ್ಲ ಕಣೋ." ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಲೋಳೆ ಹಾಕಿದ್ರೆ ಕಸರೆಲ್ಲ ಮಡ್ಡಿ ಆಗಿ ನೊರೆ ಜೊತೆ ಮೇಲೆ ಬರುತ್ತೆ, ಅದನ್ನ ಜರಡಿಯಲ್ಲಿ ತೆಗೀತಾರೆ, ಬೆಲ್ಲ ತಿಳಿ ಆಗೋದೇ ಅದರಿಂದ. ಕಥೆ ಬರೆದ ಲೇಖಕಿಗೆ ಅವತ್ತು ರಾತ್ರಿನೇ ಫೋನ್ ಮಾಡಿದೆ, ಅವರು ಖುಷಿಯಾಗಿ ಒಂದು ಸ್ಪ್ರೆಡ್, ಅಂದ್ರೆ ಎದುರುಬದುರಿನ ಎರಡು ಪುಟ ಪೂರ್ತಿ ಲೋಳೆಗೂ ನೊರೆಗೂ ಬಿಟ್ಟುಕೊಟ್ರು.

ಮಾರನೇ ದಿನ ಆಲೆಮನೆಗೇ ಹೋಗಿ ಕೂತೆ. ಒಲೆ ಮುಂದೆ ಇದ್ದ ತಾತ ನನ್ನ ಬಣ್ಣದ ಡಬ್ಬಿ ನೋಡಿ ಬಣ್ಣದ ಲೆಕ್ಕದಲ್ಲೇ ಪಾಠ ಮಾಡಿದ್ರು: "ಗಾಣದಿಂದ ಬರೋವಾಗ ಹಾಲು ಬೂದಿ ಕಲಸ್ದಂಗೆ ಹಸ್ರು ಇರ್ತದೆ ಕಣವ್ವ, ಆಮೇಕೆ ಹಳದಿ, ಆಮೇಕೆ ಜೇನಿನ ಬಣ್ಣ. ಗುಳ್ಳೆ ದಪ್ಪ ಆಗಿ ನಿಧಾನಕ್ಕೆ ಒಡೀತಾವಲ್ಲ, ಆಗ ಒಸಿ ಪಾಕ ತಣ್ಣೀರಿಗೆ ಬುಡು, ಉಂಡೆ ಆದ್ರೆ ಇಳ್ಸದೇ." ಇಡೀ ಪುಸ್ತಕದ ಬಣ್ಣ ಅವತ್ತು ತೀರ್ಮಾನ ಆಯ್ತು. ಮೊದಲ ಪುಟಗಳೆಲ್ಲ ಮಸುಕು ಹಸಿರು, ಬೆಳಗಿನ ಜಾವದ ಮಂಜು ಕೂಡ ಅದೇ ಬಣ್ಣ, ಮಧ್ಯಕ್ಕೆ ಬರ್ತಾ ಹಳದಿ, ಕೊನೆಗೆ ಒಲೆ ಉರಿ, ಪಾಕ, ಹುಡುಗಿ ಮುಖ ಎಲ್ಲ ಜೇನು ಬಣ್ಣ. ಇದನ್ನ ನಾನು ಮೈಸೂರಲ್ಲಿ ಟೇಬಲ್ ಮುಂದೆ ಕೂತು ಎಷ್ಟು ಯೋಚಿಸಿದ್ರೂ ಹೊಳೀತಿರ್ಲಿಲ್ಲ. ಪುಸ್ತಕದ ಕೃತಜ್ಞತೆ ಪುಟದಲ್ಲಿ ಆ ಮಕ್ಕಳಿಗೂ ತಾತನಿಗೂ ಜಾಗ ಇರ್ಲೇಬೇಕು ಅಂತ ಕೇಳಿ ಹಾಕಿಸಿದೆ, ಎಲ್ಲರೂ ಇದನ್ನ ಮಾಡ್ಬೇಕು ಅನ್ಸುತ್ತೆ ನಂಗೆ.

ಪ್ರಿಂಟ್ ವಿಷಯದಲ್ಲೂ ಹಿಂಗೇ ಒಬ್ಬರು ಸಿಕ್ಕಿದ್ರು. ಗುಂಪಿನ ಹುಡುಗಿಯ ಅಪ್ಪ ವರ್ಷಾನುಗಟ್ಟಲೆ ಪ್ರೆಸ್ ನಡೆಸಿದವರು, ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಕೂರಿಸ್ಕೊಂಡು ದೊಡ್ಡ ಹಾಳೆ ಮಡಚಿ ತೋರಿಸಿದ್ರು, ಎರಡೂ ಕಡೆ ಛಾಪಿಸಿ ಎರಡು ಸಲ ಮಡಚಿದ್ರೆ 8 ಪುಟ, ಇನ್ನೊಂದು ಮಡಿಕೆಗೆ 16, ಅದಕ್ಕೇ ಚಿತ್ರಪುಸ್ತಕ 16, 24, 32 ಪುಟ ಅಂತ ಇರೋದು, ನಡುವೆ 19 ಪುಟದ ಕಥೆ ತಂದ್ರೆ ಯಾರೂ ಮಾಡಲ್ಲ. ಸುತ್ತ 3 ಮಿಲಿಮೀಟರ್ ಬ್ಲೀಡ್, ಅಂದ್ರೆ ಕತ್ತರಿಸುವಾಗ ಹೋಗೋ ಹೆಚ್ಚಿನ ಅಂಚು, ಬಿಡ್ಬೇಕು, ಹೊಲಿಗೆ ಬೀಳೋ ನಡುಭಾಗದಲ್ಲಿ ಮುಖ ಇಡಬಾರದು, ಫೈಲ್ 300 ಡಿಪಿಐ, ಅಂದ್ರೆ ಇಂಚಿಗೆ 300 ಚುಕ್ಕಿ ಇರ್ಬೇಕು. ಅವರು ಒತ್ತಿ ಹೇಳಿದ್ದು ಹಸಿರಿನ ಬಗ್ಗೆ. ನಮ್ಮ ಕಡೆ ಭತ್ತದ ಒಟ್ಲು, ಅಂದ್ರೆ ಸಸಿಮಡಿಯ ಹಸಿರು ಇದೆಯಲ್ಲ, ಆ ಎಳೆ ಹಸಿರು ಸ್ಕ್ರೀನ್ ಮೇಲೆ ಹೊಳೆಯುತ್ತೆ, ಸಿಎಂವೈಕೆ ಅನ್ನೋ ಪ್ರಿಂಟಿಂಗ್ ಬಣ್ಣಗಳಿಗೆ ಹೋದ ತಕ್ಷಣ ಮಂಕಾಗುತ್ತೆ, ನಾಲ್ಕು ಶಾಯಿಯಲ್ಲಿ ಆ ಬಣ್ಣ ಇಲ್ಲ. ಅದನ್ನ ಹೊಳಪಿಸ್ಬೇಕಂದ್ರೆ ಪಕ್ಕದಲ್ಲಿ ಕೆಮ್ಮಣ್ಣು ಬಣ್ಣವೋ ನೇರಳೆ ನೆರಳೋ ಇಡಿ ಅಂದ್ರು. ಗದ್ದೆ ಬದು ಕೆಂಪಗೆ ಬರೀತೀನಿ ನಾನೀಗ ಯಾವಾಗ್ಲೂ.

ಕೆಲಸ ಸಿಗದೇ ಇರುವಾಗ ತೋರಿಸೋಕೆ ಏನಾದ್ರೂ ಬೇಕಲ್ಲ, ಅದಕ್ಕೆ ನಂಗೆ ಆಸರೆ ಆಗಿದ್ದು ಸ್ಟೋರಿವೀವರ್. 2004ರಲ್ಲಿ ಬೆಂಗಳೂರಲ್ಲಿ ಶುರುವಾದ ಮಕ್ಕಳ ಪುಸ್ತಕದ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಬಿಟ್ಟ ಆನ್‌ಲೈನ್ ಮುಕ್ತ ವೇದಿಕೆ ಅದು, ಕಥೆ ಚಿತ್ರ ಎರಡೂ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಸಿಗುತ್ತೆ. ಯಾರೋ ಬರೆದಿಟ್ಟ ಕಥೆಯನ್ನ ಕನ್ನಡಕ್ಕೆ ತರ್ಬೋದು, ನಿಮ್ಮ ಚಿತ್ರ ಏರಿಸ್ಬೋದು. ಆದ್ರೆ ಸರಿಯಾಗಿ ತಿಳ್ಕೊಂಡು ಏರಿಸಿ, ಹೆಸರು ಹಾಕಿದ್ರೆ ಸಾಕು ಯಾರು ಬೇಕಾದ್ರೂ ಬದಲಾಯಿಸ್ಬೋದು, ಮಾರಾಟಕ್ಕೂ ಬಳಸ್ಬೋದು ಅಂತ ಆ ಲೈಸೆನ್ಸ್ ಅರ್ಥ. ನಂಗೆ ಅದು ಒಪ್ಪಿಗೆ, ಎಲ್ಲರಿಗೂ ಇರ್ಬೇಕಿಲ್ಲ. ಅಲ್ಲಿ ಕಥೆಗಳನ್ನ ನಾಲ್ಕು ಹಂತ ಮಾಡಿದಾರೆ, ಮೊದಲ ಹಂತ 250 ಪದದೊಳಗೆ. ಆ ಹಂತದ ಪುಸ್ತಕಗಳನ್ನ ಮುಂದಿಟ್ಕೊಂಡು ಒಂದು ವಾಕ್ಯಕ್ಕೆ ಎಷ್ಟು ಚಿತ್ರ ಅಂತ ನೋಡೋದೇ ಒಂದು ಅಭ್ಯಾಸ. ಇನ್ನೊಂದು, ಅಲ್ಲಿ ಪುಸ್ತಕ ಹತ್ತಾರು ಭಾಷೆಗೆ ಹೋಗುತ್ತೆ, ಹಂಗಾಗಿ ಬಸ್ ಬೋರ್ಡು, ಅಂಗಡಿ ಬೋರ್ಡಿನ ಅಕ್ಷರ ಆಮೇಲೆ ಬದಲಾಯಿಸೋಕೆ ಆಗೋ ಹಾಗೆ ಚಿತ್ರದ ಬೇರೆ ಲೇಯರ್‌ನಲ್ಲಿ (ಪದರದಲ್ಲಿ) ಇರ್ಲಿ, ಪಠ್ಯಕ್ಕೆ ಧಾರಾಳ ಜಾಗ ಬಿಡಿ. ಕನ್ನಡಕ್ಕಂತೂ ಒತ್ತಕ್ಷರ ಕೆಳಗಿಳಿಯುತ್ತೆ, ಗುಡಿಸು ಮೇಲೇರುತ್ತೆ, ಇಂಗ್ಲಿಷ್ ಲೆಕ್ಕದಲ್ಲಿ ಜಾಗ ಬಿಟ್ರೆ ಸಾಲ್ಮೇಲೆ ಸಾಲು ಕೂತು ಪುಟ್ಟ ಓದುಗರಿಗೆ ಕಷ್ಟ.

ಅಗ್ರಿಮೆಂಟ್ ಬಗ್ಗೆ ಹೇಳ್ಲೇಬೇಕು. ದುಡ್ಡಿನ ಮಾತು ನಮ್ಮಲ್ಲಿ ಯಾರೂ ಆಡಲ್ಲ, ಸಂಕೋಚ, ಅದರಿಂದ ಹೊಸಬರಿಗೆ ತುಂಬಾ ನಷ್ಟ. ನಮ್ಮ ಗುಂಪಲ್ಲಿ ಯಾರಿಗೆ ಎಷ್ಟು ಸಿಕ್ತು ಅಂತ ಮುಚ್ಚುಮರೆ ಇಲ್ಲದೆ ಹೇಳ್ಕೊಳ್ತೀವಿ. ಒಂದು ಪ್ರಕಾಶನದೋರು ನಂಗೆ ದುಡ್ಡು ತುಂಬಾ ತಡ ಮಾಡಿದಾಗ ಗುಂಪಿನೋರೇ ಕೂತು ಇನ್‌ವಾಯ್ಸ್ ಹಂತ ಹಂತವಾಗಿ ಹೇಗೆ ಹಾಕೋದು ಅಂತ ಹೇಳ್ಕೊಟ್ರು: ಸ್ಟೋರಿಬೋರ್ಡ್ ಒಪ್ಪಿದಾಗ ಒಂದು ಭಾಗ, ಪೆನ್ಸಿಲ್ ಮುಗಿದಾಗ ಒಂದು, ಫೈನಲ್‌ಗೆ ಉಳಿದಿದ್ದು. ಪರಿಚಯದ ವಕೀಲರೊಬ್ಬರು 1957ರ ಕಾಪಿರೈಟ್ ಆಕ್ಟ್ ಓದಿ ಹೇಳಿದ್ದು ಇನ್ನೂ ಮುಖ್ಯ. ಸೆಕ್ಷನ್ 17ರ ಪ್ರಕಾರ ದುಡ್ಡು ಕೊಟ್ಟು ಹೇಳಿ ಬರೆಸಿದ ಪೇಂಟಿಂಗ್‌ಗೆ, ಬೇರೆ ಒಪ್ಪಂದ ಇಲ್ಲದೇ ಇದ್ರೆ, ಬರೆಸಿದೋರೇ ಮೊದಲ ಮಾಲೀಕರು ಆಗ್ಬೋದು, ಅದಕ್ಕೇ ಹಕ್ಕು ಯಾರದ್ದು ಅಂತ ಕಾಗದದಲ್ಲಿ ಬರಲೇಬೇಕು. ಹಕ್ಕು ಬಿಟ್ಟುಕೊಡೋ ಪತ್ರದಲ್ಲಿ ಅವಧಿ ಬರೀದೇ ಇದ್ರೆ ಸೆಕ್ಷನ್ 19 ಅದನ್ನ 5 ವರ್ಷ ಅಂತ, ಪ್ರದೇಶ ಬರೀದೇ ಇದ್ರೆ ಭಾರತ ಅಂತ ತಿಳಿಯುತ್ತೆ. ಹಕ್ಕು ಕೊಟ್ಟಮೇಲೂ ಇದನ್ನ ಬರೆದೋಳು ನಾನು ಅಂತ ಹೇಳ್ಕೊಳ್ಳೋ ಹಕ್ಕು ಸೆಕ್ಷನ್ 57ರಲ್ಲಿ ಉಳಿಯುತ್ತೆ. ಸಹಿ ಹಾಕೋಕ್ಕೆ ಮುಂಚೆ ಗುಂಪಲ್ಲಿ ಯಾರಾದ್ರೂ ಒಬ್ರು ಓದ್ಲೇಬೇಕು ಅನ್ನೋದು ಈಗ ನಮ್ಮಲ್ಲಿ ರೂಢಿ.

ದಸರಾ ಟೈಮಲ್ಲಿ ನಾವು ಒಂಬತ್ತು ದಿನ ದಿನಕ್ಕೊಂದು ಇಂಕ್ ಡ್ರಾಯಿಂಗ್ ಮಾಡ್ತೀವಿ, ಪಟ್ಟದ ಗೊಂಬೆ, ಜಟ್ಟಿ ಕಾಳಗ, ನಂದಿಧ್ವಜ, ಪಂಜಿನ ಕವಾಯತು ಇಂಥ ವಿಷಯ ಮೊದಲೇ ಚೀಟಿ ಎತ್ತಿಟ್ಕೊಂಡು. ಒಬ್ಬರೇ ಆದ್ರೆ ಮೂರನೇ ದಿನಕ್ಕೆ ಬಿಟ್ಟುಬಿಡ್ತೀವಿ, ಜೊತೆಗೆ ಜನ ಇದ್ರೆ ಬಿಡೋಕಾಗಲ್ಲ. ಕಳೆದ ಸಲದ ಜಟ್ಟಿ ಚಿತ್ರಗಳಿಂದಲೇ ನಮ್ಮ ಒಬ್ಬ ಹುಡುಗನಿಗೆ ಪುಸ್ತಕದ ಕೆಲಸ ಸಿಕ್ತು.

ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆ ಕಡೆ ಇರೋರು ಮೈಸೂರಿಗೆ ಪ್ರತಿ ವಾರ ಬರೋಕಾಗಲ್ಲ ಅಂತಾರೆ, ಬರಬೇಕಾಗಿಲ್ಲ. ನಿಮ್ಮೂರಲ್ಲೇ ಚಿತ್ರ ಬರೆಯೋ ಇನ್ನಿಬ್ಬರನ್ನ ಹುಡುಕಿ, ಒಬ್ಬರು ಕಥೆ ಬರೆಯೋರಿದ್ರೆ ಇನ್ನೂ ಒಳ್ಳೇದು, ಪಂಚಾಯ್ತಿ ಲೈಬ್ರರಿಯಲ್ಲಿ ಕೇಳಿದ್ರೆ ಶನಿವಾರ ಕೂರೋಕೆ ಜಾಗ ಸಾಮಾನ್ಯವಾಗಿ ಸಿಗುತ್ತೆ. ಮೊದಲ ದಿನ ಮುಗಿಸಿದ ಚಿತ್ರ ಯಾರೂ ತರಬೇಡಿ. ಗೊತ್ತಿರೋ ಒಂದು ಅಜ್ಜಿಕಥೆಯನ್ನ ಎಂಟು ಚೌಕದಲ್ಲಿ ಪೆನ್ಸಿಲ್‌ನಲ್ಲಿ ಬರ್ಕೊಂಡು ಬನ್ನಿ, ಅಕ್ಷರ ಒಂದೂ ಬೇಡ, ಪಕ್ಕದೋರ ಕೈಗೆ ಕೊಟ್ಟು ಕಥೆ ಹೇಳೋಕೆ ಹೇಳಿ, ನೀವು ಸುಮ್ನೆ ಕೇಳಿಸ್ಕೊಂಡು ಬರ್ಕೊಳ್ಳಿ.