ಪೋಸ್ಟ್‌ಗ್ರೆಸ್ 12ರಿಂದ 16ಕ್ಕೆ: ಸಂಜೆ ಹಾಲಿಗೂ ಬೆಳಗಿನ ಹಾಲಿಗೂ ನಡುವೆ

ನಮ್ಮದು ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಚಿಕ್ಕ ಕಂಪನಿ. ಊರಿನ ಡೈರಿಯಲ್ಲಿ ಹಾಲು ಅಳೆದ ಕೂಡಲೇ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ), ದರ ಎಲ್ಲ ನಮ್ಮ ಸರ್ವರ್‌ಗೆ ಬರುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಆ ಹೊತ್ತಿನಲ್ಲಿ ಡೇಟಾಬೇಸ್ ನಿಂತರೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವರಿಗೆ ಸ್ಲಿಪ್ ಸಿಗುವುದಿಲ್ಲ. ರಾತ್ರಿ ಹತ್ತೂವರೆಯಿಂದ ಬೆಳಗಿನ ಜಾವದವರೆಗೆ ಮಾತ್ರ ಯಾರೂ ಕೇಳುವುದಿಲ್ಲ. ಆ ಬಿಡುವಿನಲ್ಲಿ ಸುಮಾರು 400 ಜಿಬಿಯ ಪೋಸ್ಟ್‌ಗ್ರೆಸ್ 12 ಡೇಟಾಬೇಸನ್ನು 16ಕ್ಕೆ ಏರಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾರಣ ಎರಡಿದ್ದವು. ಪೋಸ್ಟ್‌ಗ್ರೆಸ್‌ನ ಪ್ರತಿ ದೊಡ್ಡ ಆವೃತ್ತಿಗೆ ಐದು ವರ್ಷ ಬೆಂಬಲ. 12ರ ಗಡುವು 2024ರ ನವೆಂಬರ್‌ಗೆ ಮುಗಿಯುವುದಿತ್ತು. ಅದು ಓಡುತ್ತಿದ್ದ ಸೆಂಟ್‌ಒಎಸ್ 7 ಎಂಬ ಲಿನಕ್ಸ್‌ನ ಕಥೆ ಅದಕ್ಕೂ ಮೊದಲೇ, ಅದೇ ವರ್ಷದ ಜೂನ್ 30ಕ್ಕೆ ಮುಗಿದಿತ್ತು. ಪೋಸ್ಟ್‌ಗ್ರೆಸ್ ತಂಡದ ರೆಪೊಸಿಟರಿಯಲ್ಲಿ ಸೆಂಟ್‌ಒಎಸ್ 7ಕ್ಕೆ 16ರ ಪ್ಯಾಕೇಜೇ ಇಲ್ಲ. ಹಾಗಾಗಿ ಡೇಟಾಬೇಸ್ ಜೊತೆ ಆಪರೇಟಿಂಗ್ ಸಿಸ್ಟಮ್ಮೂ ಬದಲಾಗಬೇಕಿತ್ತು. ಹೊಸದಕ್ಕೆ ರಾಕಿ ಲಿನಕ್ಸ್ 9 ಆರಿಸಿದೆವು. ನಾವು ಯೋಜನೆ ಹಾಕಿದಾಗ 17 ಇನ್ನೂ ಬಂದಿರಲಿಲ್ಲ.

ದಾರಿ ಮೂರಿದ್ದವು. ಡಂಪ್ ತೆಗೆದು ಹೊಸದಕ್ಕೆ ತುಂಬುವುದು ಎಲ್ಲಕ್ಕಿಂತ ಶುಭ್ರ, ಆದರೆ ನಮ್ಮ ಗಾತ್ರಕ್ಕೆ ಒಂದು ರಾತ್ರಿ ಸಾಲುವುದಿಲ್ಲ. ಸಾಲುಗಳ ಬದಲಾವಣೆಯನ್ನು ಹೊಸ ಸರ್ವರ್‌ಗೆ ಕಳಿಸುತ್ತಲೇ ಇರುವ ಲಾಜಿಕಲ್ ರೆಪ್ಲಿಕೇಶನ್‌ನಲ್ಲಿ ಸರ್ವರ್ ನಿಲ್ಲಿಸುವ ಸಮಯ ತೀರಾ ಕಡಿಮೆ. ಆದರೆ ಸೀಕ್ವೆನ್ಸ್‌ಗಳ (ಕ್ರಮಸಂಖ್ಯೆ ಕೊಡುವ ಎಣಿಕೆಗಳ) ಬೆಲೆ ಅದರ ಜೊತೆ ಬರುವುದಿಲ್ಲ, ಟೇಬಲ್ ರಚನೆಯ ಬದಲಾವಣೆಯೂ ಬರುವುದಿಲ್ಲ. ಪ್ರೈಮರಿ ಕೀ (ಪ್ರತಿ ಸಾಲನ್ನೂ ಗುರುತಿಸುವ ಕಾಲಂ) ಇಲ್ಲದ ಹಳೆಯ ಟೇಬಲ್‌ಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ದಿನವೂ ಆರೇಳು ಗಂಟೆ ಬಿಡುವಿರುವಾಗ ಅಷ್ಟು ತೊಡಕು ಯಾಕೆ? ಮೂರನೆಯದು ಪಿಜಿ_ಅಪ್‌ಗ್ರೇಡ್, ಇರುವ ಡೇಟಾ ಫೈಲ್‌ಗಳನ್ನೇ ಹೊಸ ಆವೃತ್ತಿಗೆ ಏರಿಸುವ ಟೂಲ್. ನಾನು ಅದೇ ಇರಲಿ ಎಂದೆ. ಇಪ್ಪತ್ನಾಲ್ಕು ಗಂಟೆ ಓಡುವ ವ್ಯವಸ್ಥೆಯಾಗಿದ್ದರೆ ಬೇರೆ ಮಾತು ಹೇಳುತ್ತಿದ್ದೆ.

ಪಿಜಿ_ಅಪ್‌ಗ್ರೇಡ್‌ಗೆ ಹಳೆಯ ಮತ್ತು ಹೊಸ ಆವೃತ್ತಿ ಎರಡೂ ಒಂದೇ ಯಂತ್ರದಲ್ಲಿರಬೇಕು. ಅದಕ್ಕೆ ರಾಕಿ ಯಂತ್ರದಲ್ಲಿ 12ನ್ನೂ 16ನ್ನೂ ಹಾಕಿ, ಅಲ್ಲಿನ 12ನ್ನು ಹಳೆಯ ಸರ್ವರ್‌ನ ಸ್ಟ್ರೀಮಿಂಗ್ ರೆಪ್ಲಿಕಾ (ಬದಲಾವಣೆಗಳನ್ನು ಆಗಿಂದಾಗಲೇ ಪಡೆಯುವ ಪ್ರತಿ) ಮಾಡಿದೆವು. ಕೊನೆಯ ರಾತ್ರಿ ಆ ರೆಪ್ಲಿಕಾವನ್ನು ಪ್ರೈಮರಿ (ಮುಖ್ಯ ಸರ್ವರ್) ಮಾಡಿ, ಅಲ್ಲೇ 16ಕ್ಕೆ ಏರಿಸಬೇಕು. ಹಳೆಯ ಸೆಂಟ್‌ಒಎಸ್ ಯಂತ್ರವನ್ನು ಯಾರೂ ಮುಟ್ಟುವ ಹಾಗಿಲ್ಲ. ಏನೇ ಎಡವಟ್ಟಾದರೂ ಅದನ್ನೇ ಮತ್ತೆ ಚಾಲೂ ಮಾಡುವುದು. ಈ ಯೋಜನೆಯಲ್ಲಿ ನನಗೆ ಅತಿ ಹೆಚ್ಚು ಧೈರ್ಯ ಕೊಟ್ಟದ್ದು ಇದೇ.

ಆದರೆ ಇದೇ ದಾರಿಯಲ್ಲಿ ಒಂದು ದೊಡ್ಡ ಅಪಾಯವೂ ಇದೆ. ಈ ಬರಹದ ಮುಖ್ಯ ವಿಷಯ ಅದೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎನ್ನುವುದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ತಾನೇ ನಿರ್ಧರಿಸುವುದಿಲ್ಲ. ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿಯನ್ನು ಕೇಳುತ್ತದೆ. ಸೆಂಟ್‌ಒಎಸ್ 7ರಲ್ಲಿ ಇರುವುದು ಜಿಲಿಬ್‌ಸಿ 2.17, ರಾಕಿ 9ರಲ್ಲಿ 2.34. ನಡುವೆ 2.28ರಲ್ಲಿ ಈ ಜೋಡಣೆಯ ನಿಯಮಗಳೇ ದೊಡ್ಡ ಮಟ್ಟದಲ್ಲಿ ಬದಲಾದವು. ಬಿ-ಟ್ರೀ ಇಂಡೆಕ್ಸ್ ಎಂದರೆ ಕ್ರಮವಾಗಿ ಜೋಡಿಸಿಟ್ಟ ಪಟ್ಟಿ. ರೆಪ್ಲಿಕಾ ಆ ಪಟ್ಟಿಯನ್ನು ಬೈಟ್ ಬೈಟ್ ನಕಲು ಮಾಡುತ್ತದೆ. ಅಂದರೆ ಹಳೆಯ ನಿಯಮದಲ್ಲಿ ಜೋಡಿಸಿದ ಇಂಡೆಕ್ಸನ್ನು ಹೊಸ ಯಂತ್ರ ಹೊಸ ನಿಯಮದಲ್ಲಿ ಹುಡುಕುತ್ತದೆ. ಇರುವ ಸಾಲು ಕಾಣುವುದಿಲ್ಲ.

ನಂಬಿಕೆ ಬರದಿದ್ದರೆ ಎರಡೂ ಯಂತ್ರದಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ. ಎರಡು ಸಾಲಿನ ಫೈಲ್, ಒಂದರಲ್ಲಿ 1-1, ಇನ್ನೊಂದರಲ್ಲಿ 11. ಅಮೆರಿಕನ್ ಇಂಗ್ಲಿಷ್ ಯುಟಿಎಫ್-8 ಲೊಕೇಲ್ ಇಟ್ಟು ಸಾರ್ಟ್ ಕಮಾಂಡ್ ಕೊಡಿ. ಹಳೆಯದರಲ್ಲಿ 11 ಮೊದಲು ಬರುತ್ತದೆ, 1-1 ಆಮೇಲೆ. ಹೊಸದರಲ್ಲಿ 1-1 ಮೊದಲು. ನಮ್ಮ ಸದಸ್ಯರ ಕೋಡ್ ಇರುವುದೇ ಹೀಗೆ: ಸಂಘದ ಸಂಖ್ಯೆ, ಅಡ್ಡಗೆರೆ, ಸದಸ್ಯರ ಸಂಖ್ಯೆ. ಪಠ್ಯದ ಕಾಲಂ, ಒಂದೇ ಕೋಡ್ ಎರಡು ಸಲ ಬರದಂತೆ ಅದರ ಮೇಲೆ ಯೂನಿಕ್ ಇಂಡೆಕ್ಸ್. ಎಲ್ಲ ಹುಡುಕಾಟವೂ ಅದರ ಮೂಲಕವೇ.

ರೆಪ್ಲಿಕಾ ತಯಾರಾದ ಮೇಲೆ ಮೊದಲು ನೋಡಿದ್ದು ಇದನ್ನೇ. ಇಂಡೆಕ್ಸ್ ಸರಿಯಿದೆಯೇ ಎಂದು ನೋಡುವ ಎಎಂಚೆಕ್ ಎಂಬ ಎಕ್ಸ್‌ಟೆನ್ಶನ್ ಪೋಸ್ಟ್‌ಗ್ರೆಸ್ ಜೊತೆಗೇ ಬರುತ್ತದೆ. ಅದನ್ನು ಪ್ರೈಮರಿಯಲ್ಲಿ ಹಾಕಿದರೆ ರೆಪ್ಲಿಕಾಕ್ಕೂ ತಾನಾಗಿ ಬರುತ್ತದೆ. ಅದರ ಬಿಟಿ_ಇಂಡೆಕ್ಸ್_ಚೆಕ್ ಫಂಕ್ಷನ್ ರೆಪ್ಲಿಕಾದಲ್ಲೂ ಓಡುತ್ತದೆ. ಸದಸ್ಯರ ಕೋಡಿನ ಇಂಡೆಕ್ಸ್ ಮೇಲೆ ಓಡಿಸಿದ ತಕ್ಷಣ 'ಐಟಂ ಆರ್ಡರ್ ಇನ್‌ವೇರಿಯಂಟ್ ವಯೊಲೇಟೆಡ್', ಅಂದರೆ ಕ್ರಮ ತಪ್ಪಿದೆ, ಎಂಬ ದೋಷ ಬಂತು. ಒಬ್ಬ ಸದಸ್ಯರ ಕೋಡ್ ಹಾಕಿ ಹುಡುಕಿದೆ. ಸೊನ್ನೆ ಸಾಲು. ಇಂಡೆಕ್ಸ್ ಬಳಸಬೇಡ ಎಂದು ಹೇಳಿ ಅದೇ ಕ್ವೆರಿ ಮತ್ತೆ ಕೊಟ್ಟೆ. ಹೆಸರು, ಊರು, ಬ್ಯಾಂಕ್ ಖಾತೆ ಎಲ್ಲ ಸರಿಯಾಗಿ ಬಂತು. ಡೇಟಾ ಅಲ್ಲೇ ಇದೆ, ದಾರಿ ಮಾತ್ರ ತಪ್ಪಿದೆ.

"ಹೇಗಿದ್ರೂ ರೆಪ್ಲಿಕಾ ಸುಮ್ನೆ ಇದೆಯಲ್ಲ ಸರ್, ರಿಪೋರ್ಟ್‌ಗಳನ್ನ ಅಲ್ಲಿಂದಲೇ ತೆಗೆಯೋಣ್ವಾ?" ಎಂದು ತಂಡದ ಹುಡುಗ ಕೇಳಿದ. ಬೇಡ ಎಂದೆ. ಈ ಸೊನ್ನೆ ಸಾಲನ್ನು ತೋರಿಸಿದ ಮೇಲೆ ಹೆಚ್ಚು ವಿವರಿಸಬೇಕಾಗಲಿಲ್ಲ. ಓದುವುದಷ್ಟೇ ಆದರೆ ತಪ್ಪು ರಿಪೋರ್ಟ್‌ನಲ್ಲಿ ನಿಲ್ಲುತ್ತದೆ. ಇಂಥ ಇಂಡೆಕ್ಸ್ ಇಟ್ಟುಕೊಂಡು ಬರೆಯಲು ಬಿಟ್ಟರೆ ಯೂನಿಕ್ ಇಂಡೆಕ್ಸ್‌ಗೆ ಹಳೆಯ ಸಾಲು ಕಾಣದೆ ಅದೇ ಕೋಡಿನಲ್ಲಿ ಇನ್ನೊಬ್ಬ ಸದಸ್ಯ ಸೇರಿಬಿಡುತ್ತಾನೆ. ಬಟವಾಡೆ ದಿನ ದುಡ್ಡು ಯಾರ ಖಾತೆಗೆ ಹೋಗಬೇಕು? ಆಮೇಲೆ ಕೂತು ಬಿಡಿಸುವ ಗಂಟು ಅಲ್ಲ ಅದು.

ಇನ್ನೂ ಒಂದು ವಿಷಯ. ಪೋಸ್ಟ್‌ಗ್ರೆಸ್ 15ರಿಂದ ಈಚೆಗೆ ಡೇಟಾಬೇಸ್‌ನ ಕೊಲೇಶನ್ (ಅಕ್ಷರ ಜೋಡಣೆಯ ನಿಯಮ) ಆವೃತ್ತಿಯನ್ನು ಬರೆದಿಟ್ಟುಕೊಂಡು, ಬದಲಾದರೆ ಎಚ್ಚರಿಕೆ ಕೊಡುತ್ತದೆ. 12ರಲ್ಲಿ ಆ ದಾಖಲೆಯೇ ಇಲ್ಲ. ಹೋಲಿಸಲು ಹಳೆಯದು ಇಲ್ಲದ ಮೇಲೆ ಎಚ್ಚರಿಕೆ ಎಲ್ಲಿಂದ ಬರಬೇಕು? ಪಿಜಿ_ಅಪ್‌ಗ್ರೇಡ್ ಎಲ್ಲ ಸರಿ ಎಂದು ಮುಗಿಸುತ್ತದೆ. ನಮ್ಮ ದಾರಿಯಲ್ಲೇ ಹೋಗುವವರು ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಪರಿಹಾರ ಸರಳ, ಸಮಯ ಮಾತ್ರ ಜಾಸ್ತಿ. ಅಕ್ಷರದ ಕಾಲಂ ಇರುವ, ಸಿ ಕೊಲೇಶನ್ (ಬರೀ ಬೈಟ್ ಕ್ರಮ) ಅಲ್ಲದ ಎಲ್ಲ ಇಂಡೆಕ್ಸ್‌ಗಳನ್ನೂ ಹೊಸದಾಗಿ ಕಟ್ಟಬೇಕು. ಸಂಖ್ಯೆ, ದಿನಾಂಕದ ಇಂಡೆಕ್ಸ್‌ಗಳಿಗೆ ಏನೂ ಆಗುವುದಿಲ್ಲ. ಸಿಸ್ಟಮ್ ಕ್ಯಾಟಲಾಗ್‌ನಿಂದ ಪಟ್ಟಿ ತೆಗೆದು, ದೊಡ್ಡವು ಮೊದಲು ಬರುವಂತೆ ಜೋಡಿಸಿ, ಏಕಕಾಲಕ್ಕೆ ನಾಲ್ಕೈದು ಓಡುವ ಹಾಗೆ ಸ್ಕ್ರಿಪ್ಟ್ ಬರೆದೆವು. ಎಎಂಚೆಕ್ ಪಾಸಾದ ಇಂಡೆಕ್ಸನ್ನೂ ಬಿಡಲಿಲ್ಲ. ಇವತ್ತಿನ ಡೇಟಾದಲ್ಲಿ ತಪ್ಪು ಕಾಣಲಿಲ್ಲ ಎಂದಷ್ಟೇ ಅದರ ಅರ್ಥ. ನಾಳೆ ಸೇರುವ ಸದಸ್ಯರ ಹೆಸರಿಗೆ ಅದು ಜವಾಬ್ದಾರಿ ಹೊರುವುದಿಲ್ಲ.

ತಾಲೀಮು ಮಾಡಿದ್ದು ಪೂರ್ತಿ ಡೇಟಾದ ಪ್ರತಿಯ ಮೇಲೆ, ಅದೇ ಗಾತ್ರದ ಯಂತ್ರದಲ್ಲಿ. ಸಣ್ಣ ಸ್ಯಾಂಪಲ್ ಮೇಲೆ ಮಾಡಿದರೆ ಸಮಯದ ಅಂದಾಜೇ ಸಿಗುವುದಿಲ್ಲ. ತಾಲೀಮಿನಲ್ಲಿ ಬೇರೆ ಕೆಲವು ಸಂಗತಿಗಳೂ ಹೊರಬಿದ್ದವು. ಪಿಜಿ_ಅಪ್‌ಗ್ರೇಡ್ ಅನ್ನು ಚೆಕ್ ಆಯ್ಕೆಯೊಂದಿಗೆ ಓಡಿಸಿದಾಗ ನಮ್ಮದೇ ಒಂದು ಅಗ್ರಿಗೇಟ್ ಫಂಕ್ಷನ್ ಹತ್ತಿರ ನಿಂತಿತು. ಅದು ಅರೇ_ಅಪೆಂಡ್ ಬಳಸುತ್ತಿತ್ತು, 14ರಲ್ಲಿ ಅದರ ವಿಧ ಬದಲಾಗಿದೆ. ಮೊದಲೇ ತೆಗೆದು, ಏರಿಸಿದ ಮೇಲೆ ಮತ್ತೆ ಸೇರಿಸುವುದು ಎಂದು ಪಟ್ಟಿಗೆ ಹಾಕಿದೆವು. ಬ್ಯಾಕಪ್ ಸ್ಕ್ರಿಪ್ಟ್‌ನಲ್ಲಿ ಪಿಜಿ_ಸ್ಟಾರ್ಟ್_ಬ್ಯಾಕಪ್ ಇತ್ತು. 15ರಲ್ಲಿ ಆ ಹೆಸರೂ ಹೋಯಿತು, ಆ ಹಳೆಯ ವಿಧಾನವೂ ಹೋಯಿತು. ಸ್ಕ್ರಿಪ್ಟನ್ನೇ ಬಿಟ್ಟು ಪಿಜಿ_ಬೇಸ್‌ಬ್ಯಾಕಪ್‌ಗೆ ಬಂದೆವು. ಕಾನ್ಫಿಗ್ ಫೈಲ್‌ಗಳನ್ನು ಪಿಜಿ_ಅಪ್‌ಗ್ರೇಡ್ ನಕಲು ಮಾಡುವುದಿಲ್ಲ, ಅವನ್ನು ಕೈಯಾರೆ ತರಬೇಕು. ಹಳೆಯ ಫೈಲನ್ನು ಹಾಗೇ ಹಾಕಿದರೂ ಆಗದು. ವಾಲ್_ಕೀಪ್_ಸೆಗ್ಮೆಂಟ್ಸ್ ಎಂಬ ಸಾಲು 13ರಿಂದ ಇಲ್ಲ, ಅದೊಂದಿದ್ದರೆ ಸಾಕು, ಸರ್ವರ್ ಏಳುವುದಿಲ್ಲ.

ಪಾಸ್‌ವರ್ಡ್ ವಿಚಾರವೂ ಅಷ್ಟೇ. 14ರಿಂದ ಹೊಸ ಪಾಸ್‌ವರ್ಡ್‌ಗಳು ಸ್ಕ್ರ್ಯಾಮ್ ಎಂಬ ಹೆಚ್ಚು ಭದ್ರವಾದ ವಿಧಾನದಲ್ಲಿ ಉಳಿಯುತ್ತವೆ. ಹಳೆಯ ಬಳಕೆದಾರರ, ಹಳೆಯ ವಿಧಾನದ ಎಂಡಿ5 ಹ್ಯಾಶ್ ಹಾಗೇ ಬರುತ್ತದೆ. ತಾಲೀಮಿನಲ್ಲಿ ಬೇಕೆಂದೇ ಒಂದು ಪಾಸ್‌ವರ್ಡ್ ಬದಲಿಸಿ ನೋಡಿದೆವು. ಹಳೆಯ ರಿಪೋರ್ಟ್ ಟೂಲ್ ತಕ್ಷಣ 'ಅಥೆಂಟಿಕೇಶನ್ ಟೈಪ್ 10' ಗೊತ್ತಿಲ್ಲ ಎಂದಿತು. ಡೇಟಾಬೇಸ್‌ಗೆ ಸಂಪರ್ಕ ಕೊಡುವ ಅದರ ಜೆಡಿಬಿಸಿ ಡ್ರೈವರ್ 42.2ಕ್ಕಿಂತ ಹಳೆಯದು. ಹಾಗಾಗಿ ಯಾರು ಹೇಗೆ ಲಾಗಿನ್ ಆಗಬೇಕೆಂದು ಹೇಳುವ ಎಚ್‌ಬಿಎ ಫೈಲ್‌ನಲ್ಲಿ ಸದ್ಯಕ್ಕೆ ಎಂಡಿ5 ಎಂದೇ ಉಳಿಸಿದೆವು. ಆ ವಿಧಾನ ಎರಡು ಬಗೆಯ ಪಾಸ್‌ವರ್ಡನ್ನೂ ಒಪ್ಪುತ್ತದೆ.

ದಿನ ಆರಿಸುವಾಗ ಬಟವಾಡೆಯ ಹಿಂದು ಮುಂದಿನ ದಿನಗಳನ್ನು ಬಿಟ್ಟೆವು. ಬೆಳಗಿನ ಜಾವ ಮೂರು ಗಂಟೆ ನಿರ್ಧಾರದ ಹೊತ್ತು ಎಂದು ಮೊದಲೇ ಬರೆದಿಟ್ಟೆವು. ಮೂರಕ್ಕೆ ಪರೀಕ್ಷೆಗಳು ಮುಗಿಯದಿದ್ದರೆ ಚರ್ಚೆ ಇಲ್ಲ, ಹಳೆಯ ಯಂತ್ರಕ್ಕೆ ವಾಪಸ್. ಹೊಸದರಲ್ಲಿ ಮೊದಲ ಹಾಲಿನ ಲೆಕ್ಕ ಬಿದ್ದ ಮೇಲೆ ವಾಪಸ್ ಹೋಗುವುದೆಂದರೆ ಆ ಲೆಕ್ಕ ಬಿಟ್ಟು ಹೋದ ಹಾಗೆ. ಯಾರು ನಿರ್ಧಾರ ಹೇಳಬೇಕು ಎನ್ನುವುದನ್ನೂ ಬರೆದಿದ್ದೆವು. ರಾತ್ರಿ ಎರಡೂಮುಕ್ಕಾಲಿಗೆ ನಿದ್ದೆಗಣ್ಣಲ್ಲಿ ಯೋಚಿಸುವ ವಿಷಯ ಅಲ್ಲ ಅದು.

ಆ ರಾತ್ರಿ ಮೊದಲು ಅಪ್ಲಿಕೇಶನ್ ನಿಲ್ಲಿಸಿ, ಅವತ್ತಿನ ಒಟ್ಟು ಲೀಟರ್ ಮತ್ತು ಮೊತ್ತವನ್ನು ಸಂಘವಾರು ತೆಗೆದು ಫೈಲ್‌ಗೆ ಹಾಕಿಟ್ಟೆವು. ರೆಪ್ಲಿಕಾ ಹಿಂದೆ ಬಿದ್ದಿಲ್ಲ ಎಂದು ನೋಡಿ ಹಳೆಯ ಸರ್ವರ್ ನಿಲ್ಲಿಸಿದೆವು. ಎರಡೂ ಕಡೆ ಪಿಜಿ_ಕಂಟ್ರೋಲ್‌ಡೇಟಾದಲ್ಲಿ ಕೊನೆಯ ಚೆಕ್‌ಪಾಯಿಂಟ್ ಜಾಗ ಒಂದೇ ಬರಬೇಕು. ಬಂತು. ಆಮೇಲೆ ರೆಪ್ಲಿಕಾವನ್ನು ಪ್ರೈಮರಿ ಮಾಡಿ, ಕ್ರಮವಾಗಿ ನಿಲ್ಲಿಸಿದೆವು. ರೆಪ್ಲಿಕಾ ಸ್ಥಿತಿಯಲ್ಲೇ ನಿಂತ ಡೇಟಾವನ್ನು ಪಿಜಿ_ಅಪ್‌ಗ್ರೇಡ್ ಒಪ್ಪುವುದಿಲ್ಲ. ಲಿಂಕ್ ಆಯ್ಕೆ ಕೊಟ್ಟೆವು. ಅದು ಫೈಲ್‌ಗಳನ್ನು ನಕಲು ಮಾಡದೆ ಹಾರ್ಡ್ ಲಿಂಕ್ ಹಾಕುತ್ತದೆ, ಅದಕ್ಕೇ 400 ಜಿಬಿ ಕೆಲವೇ ನಿಮಿಷದಲ್ಲಿ ಮುಗಿಯಿತು. ಹೊಸ ಸರ್ವರ್ ಒಮ್ಮೆ ಶುರುವಾದರೆ ಅದೇ ಯಂತ್ರದ ಹಳೆಯ 12ನ್ನು ಮತ್ತೆ ಬಳಸುವ ಹಾಗಿಲ್ಲ. ಸೆಂಟ್‌ಒಎಸ್ ಯಂತ್ರ ಪಕ್ಕದಲ್ಲೇ ಇರುವಾಗ ಅದರ ಚಿಂತೆ ಇರಲಿಲ್ಲ.

16ನ್ನು ಬೇರೆ ಪೋರ್ಟ್‌ನಲ್ಲಿ, ಹೊರಗಿನಿಂದ ಯಾರೂ ಬರದ ಹಾಗೆ ಎಬ್ಬಿಸಿ ಇಂಡೆಕ್ಸ್ ಕಟ್ಟಲು ಬಿಟ್ಟೆವು. ರಾತ್ರಿಯ ಹೆಚ್ಚು ಹೊತ್ತು ಹೋದದ್ದು ಇದಕ್ಕೇ. ಇಂಥ ಕೆಲಸಕ್ಕೆ ಕೊಡುವ ಮೆಮೊರಿ, ಮೇಂಟೆನೆನ್ಸ್_ವರ್ಕ್_ಮೆಮ್ ಅನ್ನು ಆ ಹೊತ್ತಿಗೆ ಮಾತ್ರ ದೊಡ್ಡದು ಮಾಡಿದ್ದೆವು. ಇದರಿಂದ ಒಂದು ಲಾಭವೂ ಆಯಿತು. 13ರಿಂದ ಬಿ-ಟ್ರೀ ಇಂಡೆಕ್ಸ್‌ನಲ್ಲಿ ಮತ್ತೆ ಮತ್ತೆ ಬರುವ ಬೆಲೆಗಳನ್ನು ಒಟ್ಟುಗೂಡಿಸಿ ಇಡುತ್ತಾರೆ. ಹಾಲಿನ ಟೇಬಲ್‌ನಲ್ಲಿ ಸದಸ್ಯರ ಕೋಡ್ ದಿನಕ್ಕೆರಡು ಸಲ ಬರುತ್ತದಲ್ಲ, ಆ ಇಂಡೆಕ್ಸ್ ಅರ್ಧಕ್ಕಿಂತ ಕಡಿಮೆ ಗಾತ್ರಕ್ಕೆ ಇಳಿಯಿತು.

ನಂತರ ಅನಲೈಜ್, ಅಂದರೆ ಟೇಬಲ್‌ಗಳ ಅಂಕಿಅಂಶ ಸಂಗ್ರಹಿಸುವುದು. ಕ್ವೆರಿ ಹೇಗೆ ಓಡಬೇಕೆಂದು ನಿರ್ಧರಿಸುವ ಪ್ಲಾನರ್ ಬಳಸುವ ಈ ಅಂಕಿಅಂಶವನ್ನು ಪಿಜಿ_ಅಪ್‌ಗ್ರೇಡ್ ತರುತ್ತಿರಲಿಲ್ಲ. 2025ರಲ್ಲಿ ಬಂದ 18ರಿಂದ ಬಹುಪಾಲು ಜೊತೆಗೇ ಬರುತ್ತದೆ, ಆದರೆ ನಮ್ಮದು 16. ಹಂತ ಹಂತವಾಗಿ ಅನಲೈಜ್ ಮಾಡುವ ಆಯ್ಕೆಯನ್ನು ಎಲ್ಲರೂ ಹೇಳುತ್ತಾರೆ. ತಕ್ಷಣ ಬಾಗಿಲು ತೆರೆಯಲೇಬೇಕಾದವರಿಗೆ ಅದು ಸರಿ. ನಮಗೆ ಸಮಯ ಇತ್ತು, ಅರೆಬರೆ ಅಂಕಿಅಂಶದಲ್ಲಿ ಬೆಳಗಿನ ಹಾಲು ತೆಗೆದುಕೊಳ್ಳುವುದು ಬೇಡ ಎಂದು ಒಮ್ಮೆಲೇ ಪೂರ್ತಿ ಮಾಡಿದೆವು.

ಕೊನೆಗೆ ಪರೀಕ್ಷೆ. ಸಂಘವಾರು ಲೀಟರ್, ಮೊತ್ತ ಹಳೆಯ ಫೈಲ್‌ಗೆ ತಾಳೆಯಾಯಿತು. ಪ್ರತಿಯೊಬ್ಬ ಸದಸ್ಯರ ಕೋಡನ್ನೂ ಇಂಡೆಕ್ಸ್ ಮೂಲಕ ಒಮ್ಮೆ, ಇಂಡೆಕ್ಸ್ ಇಲ್ಲದೆ ಒಮ್ಮೆ ಹುಡುಕಿ ಎಣಿಕೆ ಹೋಲಿಸಿದೆವು. ಎರಡೂ ಒಂದೇ. ಎರಡು ಗಂಟೆ ದಾಟುವ ಹೊತ್ತಿಗೆ ಹೊಸ ಬೇಸ್ ಬ್ಯಾಕಪ್ ಶುರು ಮಾಡಿ ಅಪ್ಲಿಕೇಶನ್ ಬಿಟ್ಟೆವು. 12ರ ವಾಲ್ (ಬದಲಾವಣೆಗಳ ದಾಖಲೆ) ಆರ್ಕೈವ್ 16ಕ್ಕೆ ಉಪಯೋಗವಿಲ್ಲ, ಹಾಗಾಗಿ ಬ್ಯಾಕಪ್ ಹೊಸದಾಗಿ ಶುರುವಾಗಲೇಬೇಕು. ಹಳೆಯ ಸರ್ವರ್ ತಾನಾಗಿ ಏಳದ ಹಾಗೆ ಸರ್ವಿಸನ್ನು ಬಂದ್ ಮಾಡಿ, ಐಪಿ ಕೂಡ ಬದಲಿಸಿದೆವು.

ಐದೂವರೆ ದಾಟಿದ ಮೇಲೆ ಸಾಲುಗಳು ಬರತೊಡಗಿದವು. ಒಂದು ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ "ಸ್ಲಿಪ್ ಬರ್ತಾ ಇದೆಯಾ?" ಎಂದು ಕೇಳಿದೆ. "ಬರ್ತಾ ಇದೆ ಸರ್, ಯಾಕೆ ಏನಾಯ್ತು?" ಎಂದರು. ಅವರಿಗೆ ಏನೂ ಗೊತ್ತಾಗಿರಲಿಲ್ಲ. ನಮಗೆ ಬೇಕಿದ್ದೂ ಅದೇ.

ಆ ವಾರ ಒಂದೇ ಒಂದು ರಿಪೋರ್ಟ್ ನಿಧಾನವಾಯಿತು. 14ರಲ್ಲಿ ಬಂದ, ಒಮ್ಮೆ ಹುಡುಕಿದ್ದನ್ನು ನೆನಪಿಟ್ಟು ಮತ್ತೆ ಬಳಸುವ ಮೆಮೊಯೈಜ್ ಎಂಬ ಹೊಸ ವಿಧಾನವನ್ನು ಪ್ಲಾನರ್ ಅಲ್ಲಿ ಆರಿಸಿತ್ತು. ದೊಡ್ಡ ಟೇಬಲ್‌ನಲ್ಲಿ ಬೇರೆ ಬೇರೆ ಸದಸ್ಯರು ಎಷ್ಟಿದ್ದಾರೆ ಎಂಬ ಅದರ ಅಂದಾಜು ತೀರಾ ಕಡಿಮೆ ಇತ್ತು. ಹಾಗಾಗಿ ಕ್ಯಾಶ್‌ನಲ್ಲೇ ಜಾಸ್ತಿ ಸಿಗುತ್ತದೆ ಎಂದು ತಪ್ಪಾಗಿ ಲೆಕ್ಕ ಹಾಕಿತ್ತು. ಮೆಮೊಯೈಜ್ ಅನ್ನು ಇಡೀ ಸರ್ವರ್‌ಗೆ ಬಂದ್ ಮಾಡುವ ಸಲಹೆ ಬಂತು, ನಾನು ಒಪ್ಪಲಿಲ್ಲ. ಬೇರೆ ಎಷ್ಟೋ ಕ್ವೆರಿಗಳಿಗೆ ಅದರಿಂದ ಉಪಯೋಗವಾಗಿತ್ತು. ಆ ಕಾಲಂಗೆ ಮಾತ್ರ ಎನ್_ಡಿಸ್ಟಿಂಕ್ಟ್ (ಬೇರೆ ಬೇರೆ ಬೆಲೆಗಳು ಎಷ್ಟು ಎಂಬ) ಬೆಲೆಯನ್ನು ನಾವೇ ಕೊಟ್ಟು ಅನಲೈಜ್ ಮಾಡಿದ ಮೇಲೆ ಸರಿಹೋಯಿತು.

ಮುಂದಿನ ತಿಂಗಳು ಡ್ರೈವರ್ ಬದಲಿಸಿ ಎಲ್ಲ ಪಾಸ್‌ವರ್ಡ್‌ಗಳನ್ನೂ ಸ್ಕ್ರ್ಯಾಮ್‌ಗೆ ತಂದೆವು. ಸದಸ್ಯರ ಕೋಡ್ ಇರುವ ಕಾಲಂಗಳನ್ನು ಸಿ ಕೊಲೇಶನ್‌ಗೆ ಬದಲಿಸಿದೆವು. ಕೋಡ್‌ಗೆ ಭಾಷೆಯ ಕ್ರಮ ಬೇಕಿಲ್ಲ, ಬೈಟ್ ಕ್ರಮ ಸಾಕು, ಜಿಲಿಬ್‌ಸಿ ಎಷ್ಟು ಬದಲಾದರೂ ಅದಕ್ಕೆ ತೊಂದರೆಯಿಲ್ಲ. ಕನ್ನಡದ ಹೆಸರುಗಳ ಪಟ್ಟಿಗೆ ಮಾತ್ರ ಐಸಿಯು ಎಂಬ ಬೇರೆ ಲೈಬ್ರರಿಯ ಕನ್ನಡ ಕೊಲೇಶನ್ ಬಳಸುತ್ತಿದ್ದೇವೆ. ಅದರ ಆವೃತ್ತಿಯನ್ನು ಪೋಸ್ಟ್‌ಗ್ರೆಸ್ ಬರೆದಿಟ್ಟುಕೊಳ್ಳುತ್ತದೆ. 16ರ ಬೆಂಬಲ 2028ರ ನವೆಂಬರ್‌ವರೆಗೆ ಇದೆ. ಅದಕ್ಕೆ ಮೊದಲು ಮತ್ತೆ ಯಂತ್ರ ಬದಲಾದರೆ, ಕಟ್ಟಬೇಕಾದ ಇಂಡೆಕ್ಸ್‌ಗಳ ಪಟ್ಟಿ ಈ ಸಲದ್ದಕ್ಕಿಂತ ಬಹಳ ಚಿಕ್ಕದಿರುತ್ತದೆ.