ಎದೆಯೊಳಗೆ ಕರೆಂಟ್ ಉಂಟಾ? ನಾಡಿ ಹಿಡಿದು, ಇಸಿಜಿ ಬಿಡಿಸಿ ನೋಡುವುದು ಹೇಗೆ

ಹೋದ ಮಳೆಗಾಲದಲ್ಲಿ ಅಮ್ಮನಿಗೆ ತಲೆ ತಿರುಗಿತೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಇಸಿಜಿ ತೆಗೆದರು. ಗುಲಾಬಿ ಚೌಕದ ಕಾಗದವನ್ನು ಮಡಚಿ ಕೈಗಿಟ್ಟು, ತೊಂದರೆ ಏನಿಲ್ಲ ಎಂದು ಮಲಯಾಳದಲ್ಲಿ ಹೇಳಿ ಕಳಿಸಿದರು. ಬದಿಯಡ್ಕಕ್ಕೆ ಹಿಂತಿರುಗುವ ಬಸ್ಸಿನಲ್ಲಿ ಅಮ್ಮ ಅದನ್ನು ಬಿಡಿಸಿ ಮಡಿಲಲ್ಲಿ ಹರಡಿಕೊಂಡಳು. "ಇದೆಂತ ಮಗಾ ಗೆರೆ? ಎದೆಯೊಳಗೆ ಕರೆಂಟ್ ಉಂಟಾ?"

ಉಂಟು. ಅವಳಿಗೆ ಹೇಳಿದ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ. ಓದುತ್ತಾ ನೀವೂ ಮಾಡಿ ನೋಡಿ.

ಮೊದಲು ನಾಡಿ ಹಿಡಿಯಿರಿ

ಐದು ನಿಮಿಷ ಸುಮ್ನೆ ಕುಳಿತುಕೊಳ್ಳಿ. ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಅಂಚಿನಲ್ಲಿ ಇನ್ನೊಂದು ಕೈಯ ಎರಡು ಬೆರಳು ಇಡಿ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದಕ್ಕೆ ಅದರದ್ದೇ ನಾಡಿ ಉಂಟು, ಲೆಕ್ಕ ತಪ್ಪುತ್ತದೆ. 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಬಡಿತ ಹಿಂದುಮುಂದಾಗುತ್ತಿದ್ದರೆ ಪೂರ್ತಿ ಒಂದು ನಿಮಿಷ ಎಣಿಸಬೇಕು. ದೊಡ್ಡವರಿಗೆ 60ರಿಂದ 100ರ ಒಳಗೆ ಇದ್ದರೆ ಸರಿ. 72 ಎಂದಿಟ್ಟುಕೊಂಡರೆ ದಿನಕ್ಕೆ ಒಂದು ಲಕ್ಷ ದಾಟುತ್ತದೆ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ, ಅಂದರೆ ನಿಮಿಷಕ್ಕೆ ಐದು ಲೀಟರ್.

ಇನ್ನು ಕಿವಿಯಿಟ್ಟು ಕೇಳಿ

ದಪ್ಪ ಕಾಗದವನ್ನು ಕೊಳವೆಯ ಹಾಗೆ ಸುತ್ತಿ, ಮನೆಯವರೊಬ್ಬರ ಎಡ ಎದೆಗಿಟ್ಟು ಕಿವಿ ಕೊಡಿ. ಸ್ಟೆತಸ್ಕೋಪ್ ಹುಟ್ಟಿದ್ದೂ ಹೀಗೆಯೇ. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಹೀಗೇ ಕಾಗದ ಸುತ್ತಿ ಕೇಳಿದ್ದರು. ಲಬ್, ಡಬ್. ಆಮೇಲೆ ಸ್ವಲ್ಪ ಮೌನ. ಮತ್ತೆ ಲಬ್, ಡಬ್.

ಅದು ವಾಲ್ವ್ ಮುಚ್ಚುವ ಸದ್ದು. ಅಡಿಕೆ ತೋಟಕ್ಕೆ ನೀರು ಬಿಡುವವರಿಗೆ ಫುಟ್‌ವಾಲ್ವ್ ಗೊತ್ತಲ್ವಾ? ಕೆರೆಯ ನೀರನ್ನು ಮೇಲೆ ಬಿಡುತ್ತದೆ, ಕೆಳಗೆ ಇಳಿಯಲು ಬಿಡುವುದಿಲ್ಲ. ಹೃದಯದಲ್ಲಿ ಅಂಥವು ನಾಲ್ಕು. ಮೇಲಿನ ಎರಡು ಕೋಣೆಗಳಿಗೂ ಕೆಳಗಿನ ಎರಡು ಕೋಣೆಗಳಿಗೂ ನಡುವೆ ಇರುವ ಜೋಡಿ ಮುಚ್ಚಿದಾಗ ಲಬ್. ಕೆಳಗಿನ ಕೋಣೆಗಳಿಂದ ರಕ್ತ ಹೊರಡುವ ಬಾಯಿಯ ಜೋಡಿ ಮುಚ್ಚಿದಾಗ ಡಬ್. ಫುಟ್‌ವಾಲ್ವ್‌ಗೆ ಕಸ ಸಿಕ್ಕಿ ನೀರು ವಾಪಸ್ ಸೋರಿದರೆ ಪಂಪು ಸುಮ್ಮನೆ ದುಡಿಯುತ್ತದೆ. ಹೃದಯದ ವಾಲ್ವ್ ಸೋರಿದರೂ ಹಾಗೇ, ಅದು ಜಾಸ್ತಿ ದುಡಿದು ದಣಿಯುತ್ತದೆ.

ಈಗ ಕರೆಂಟಿನ ದಾರಿ

ಈ ಕರೆಂಟ್ ಹೊರಗಿನಿಂದ ಬರುವುದಲ್ಲ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಂಬ ಲವಣದ ಕಣಗಳು ಜೀವಕೋಶದ ಗೋಡೆ ದಾಟಿ ಒಳಗೆ ಹೊರಗೆ ಓಡಾಡುವುದರಿಂದ ಹುಟ್ಟುತ್ತದೆ. ಚರ್ಮದ ಮೇಲೆ ಇಸಿಜಿ ಯಂತ್ರಕ್ಕೆ ಸಿಗುವುದು ಹೆಚ್ಚುಕಡಿಮೆ ಒಂದು ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ಲಿನ 1.5 ವೋಲ್ಟನ್ನು 1,500 ಪಾಲು ಮಾಡಿದರೆ ಅದರಲ್ಲೊಂದು ಪಾಲು, ಅಷ್ಟೆ.

ಶುರುವಾಗುವುದು ಬಲಗಡೆ ಮೇಲಿನ ಕೋಣೆಯ ತುದಿಯಲ್ಲಿರುವ ಒಂದು ಚಿಕ್ಕ ಗಂಟಿನಿಂದ. ಅದಕ್ಕೆ ಎಸ್‌ಎ ನೋಡ್ ಎನ್ನುತ್ತಾರೆ. ಯಾರೂ ಹೇಳದೆಯೇ ತಾನಾಗಿ ಮಿಡಿಯುತ್ತದೆ. ಕುಂಬಳೆ ಸೀಮೆಯವರಿಗೆ ಇದನ್ನು ಹೇಳುವುದು ಸುಲಭ: ಅದು ಯಕ್ಷಗಾನದ ಭಾಗವತರ ಕೈಯ ಜಾಗಟೆ. ಕಾಲ ಇಡುವುದು ಅವರು, ಚೆಂಡೆ ಮದ್ದಲೆ ಹಿಂದೆ ಬರುತ್ತವೆ.

ಆ ಮಿಡಿತ ಮೇಲಿನ ಎರಡೂ ಕೋಣೆಗಳಿಗೆ ಹಬ್ಬಿ ಅವು ಹಿಂಡುತ್ತವೆ. ಅಷ್ಟರಲ್ಲಿ ಮುಕ್ಕಾಲು ಪಾಲಿನಷ್ಟು ರಕ್ತ ತಾನಾಗಿಯೇ ಕೆಳಗೆ ಇಳಿದಿರುತ್ತದೆ, ಉಳಿದದ್ದನ್ನು ಇವು ತಳ್ಳುತ್ತವೆ. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ಕರೆಂಟ್ ದಾಟದ ನಾರಿನ ಪರದೆ ಉಂಟು. ದಾಟಲು ಇರುವುದು ಒಂದೇ ಕಡವು, ಎವಿ ನೋಡ್ ಎಂಬ ಇನ್ನೊಂದು ಗಂಟು. 1906ರಲ್ಲಿ ಜಪಾನಿನ ಸುನಾವೊ ತವಾರ ಅದನ್ನು ವಿವರಿಸಿದರು.

ನನಗೆ ಎಲ್ಲಕ್ಕಿಂತ ಇಷ್ಟವಾಗುವ ಜಾಗ ಇದು. ಅಲ್ಲಿ ಕರೆಂಟ್ ನಿಧಾನವಾಗುತ್ತದೆ. ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಕಾಯುತ್ತದೆ. ಮೇಲಿನ ಕೋಣೆ ಪೂರ್ತಿ ಬರಿದಾಗಲಿ, ಕೆಳಗಿನದು ತುಂಬಲಿ ಎಂದು. ಈ ಕಾಯುವಿಕೆ ಇಲ್ಲದಿದ್ದರೆ ನಾಲ್ಕೂ ಕೋಣೆ ಒಟ್ಟಿಗೇ ಹಿಂಡಿ, ತುಂಬದ ಪಂಪು ಗಾಳಿ ಹೊಡೆದಂತೆ ಆಗುತ್ತಿತ್ತು. ಎಸ್‌ಎ ನೋಡ್ ಕೈಕೊಟ್ಟರೂ ಈ ಗಂಟು ನಿಮಿಷಕ್ಕೆ 40ರಿಂದ 60ರಂತೆ ತಾನೇ ತಾಳ ಹಿಡಿಯುತ್ತದೆ.

ಅಲ್ಲಿಂದ ಮುಂದೆ ಓಟ. ಹಿಸ್ ಕಟ್ಟು, ಅದರ ಎಡಬಲ ಕವಲು, ಪುರ್ಕಿಂಜೆ ನಾರುಗಳು, ಇವೆಲ್ಲ ಕರೆಂಟ್ ಬೇಗ ಹರಿಯುವ ದಾರಿಗಳು. ಕರೆಂಟ್ ಹೃದಯದ ಕೆಳತುದಿಗೆ ಇಳಿದು ಮೇಲಕ್ಕೆ ಹರಡುತ್ತದೆ. ಕೆಳಗಿನ ಕೋಣೆಗಳು ಟೂತ್‌ಪೇಸ್ಟನ್ನು ಬುಡದಿಂದ ಒತ್ತಿದ ಹಾಗೆ ಹಿಂಡಿಕೊಳ್ಳುತ್ತವೆ, ಏಕೆಂದರೆ ಹೊರದಾರಿ ಇರುವುದು ಮೇಲ್ಗಡೆ. ಬಲಗಡೆಯದು ಶ್ವಾಸಕೋಶಕ್ಕೆ, ಎಡಗಡೆಯದು ಇಡೀ ಮೈಗೆ. ಎಡ ಕೋಣೆಯ ಗೋಡೆ ದಪ್ಪ ಇರುವುದು ಅದಕ್ಕೇ.

ಕೊನೆಗೆ ಆ ಕಾಗದ

ಚಿಕ್ಕ ಚೌಕ ಒಂದಕ್ಕೆ 0.04 ಸೆಕೆಂಡ್, ದಪ್ಪ ಗೆರೆಯ ದೊಡ್ಡ ಚೌಕಕ್ಕೆ 0.2 ಸೆಕೆಂಡ್. ಮಾಮೂಲು ವೇಗದಲ್ಲಿ ತೆಗೆದ ಇಸಿಜಿಗೆ ಇದು ಲೆಕ್ಕ. ಎರಡು ಚೂಪು ಮೊನೆಗಳ ನಡುವೆ ಎಷ್ಟು ದೊಡ್ಡ ಚೌಕ ಎಂದು ಎಣಿಸಿ, 300ನ್ನು ಅದರಿಂದ ಭಾಗಿಸಿ. ಅಮ್ಮನ ಕಾಗದದಲ್ಲಿ ನಾಲ್ಕು ಇತ್ತು. ಅಂದರೆ 75. ಒಂದು ಸುತ್ತಿಗೆ 0.8 ಸೆಕೆಂಡ್. ಅದರಲ್ಲಿ ಕೆಳಗಿನ ಕೋಣೆಗಳು ಹಿಂಡುವುದು ಸುಮಾರು 0.3 ಸೆಕೆಂಡ್ ಮಾತ್ರ. ಉಳಿದ ಹೊತ್ತು ಸಡಿಲವಾಗಿ ತುಂಬಿಕೊಳ್ಳುತ್ತವೆ. ಹೃದಯದ ಮಾಂಸಖಂಡಕ್ಕೆ ಜಾಸ್ತಿ ರಕ್ತ ಸಿಗುವುದೂ ಆಗಲೇ.

ಮೊದಲ ಸಣ್ಣ ಗುಡ್ಡ ಪಿ, ಮೇಲಿನ ಕೋಣೆಗಳದ್ದು. ಚೂಪು ಮೊನೆ ಕ್ಯೂಆರ್‌ಎಸ್, ಕೆಳಗಿನವುಗಳದ್ದು. ಆಮೇಲಿನ ಅಗಲ ಗುಡ್ಡ ಟಿ, ಅವು ಮುಂದಿನ ಮಿಡಿತಕ್ಕೆ ಮತ್ತೆ ತಯಾರಾಗುವುದು. ಪಿ ಮತ್ತು ಮೊನೆಯ ನಡುವಿನ ಚಿಕ್ಕ ಸಮ ಗೆರೆಯ ಮೇಲೆ ಅಮ್ಮ ಬೆರಳಿಟ್ಟಳು. "ಇದು ಆ ಕಾಯುವುದು ಅಲ್ವಾ?" ಹೌದು, ಅದೇ.

ಆದರೆ ಕಾಗದ ನೋಡಿ ರೋಗ ಹೇಳುವುದು ವೈದ್ಯರ ಕೆಲಸ. ಸುಮ್ಮನೆ ಕುಳಿತಿದ್ದಾಗಲೂ ನಾಡಿ 100 ದಾಟುತ್ತಿದ್ದರೆ, ನಾಡಿ ತೀರಾ ನಿಧಾನವಾಗಿದ್ದು ತಲೆ ತಿರುಗಿದರೆ, ತಾಳ ತಪ್ಪುತ್ತಿದ್ದರೆ ಹೋಗಿ ತೋರಿಸಿ. ಎದೆ ಹಿಂಡಿದಂತಾಗಿ ಬೆವರು, ಉಸಿರುಕಟ್ಟು ಬಂದರೆ ಗ್ಯಾಸ್ ಎಂದು ಕೂರಬೇಡಿ, ಮಂಗಳೂರಿಗೆ ಯಾರ ಕಾರು ಸಿಗುತ್ತದೆ ಎಂದು ಕಾಯಲೂ ಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.

ಹಳೆಯ ಇಸಿಜಿ ಬಿಸಾಡಬೇಡಿ. ಹೊಸದರ ಪಕ್ಕದಲ್ಲಿಟ್ಟು ನೋಡಿದರೆ ಏನು ಬದಲಾಗಿದೆ ಎಂದು ವೈದ್ಯರಿಗೆ ಬೇಗ ತಿಳಿಯುತ್ತದೆ. ಅಮ್ಮ ತನ್ನದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾಳೆ.